ಮೊದಲು ಟೈರ್, ಆಮೇಲೆ ಲಿಫ್ಟ್

ಗಾಡಿಗೆ ಎರಡು ಇಂಚು ಲಿಫ್ಟ್ ಮಾಡಿಸಿಕೊಂಡು ಬಂದವರು ಮಾರನೆಯ ದಿನವೇ ಕೇಳುವ ಪ್ರಶ್ನೆ ಒಂದೇ: 'ಇದಕ್ಕೀಗ ಎಷ್ಟು ದೊಡ್ಡ ಟೈರ್ ಹಾಕಬಹುದು?' ಹೊಸ ಸ್ಪ್ರಿಂಗ್ ಬಂದು ಮಡ್‌ಗಾರ್ಡ್ ಮೇಲೆದ್ದಾಗ ಕೆಳಗೆ ಒಂದಷ್ಟು ಖಾಲಿ ಜಾಗ ಕಾಣುತ್ತದೆ. ಅದರೊಳಗೆ ಕಂಪನಿಯ ಟೈರ್ ಅಪ್ಪನ ಅಂಗಿ ತೊಟ್ಟ ಹುಡುಗನಂತೆ ಕಾಣುತ್ತದೆ. ಆ ಜಾಗ ತುಂಬುವ ಆಸೆ ಸಹಜ.

ನಾನೂ ಹಾಗೆ ತುಂಬಿದವನೇ. ಅಂಗಡಿಯ ಮುಂದಿನ ಸಮತಟ್ಟಾದ ಜಾಗದಲ್ಲಿ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದೆವು, ಎಲ್ಲೂ ತಾಗಲಿಲ್ಲ. ತೃಪ್ತಿಯಿಂದ ದುಡ್ಡು ಕೊಟ್ಟು ಬಂದೆ. ಆ ಮಳೆಗಾಲದಲ್ಲಿ ಸಕಲೇಶಪುರದ ಆಚೆಯ ಒಂದು ತೋಟದ ರಸ್ತೆಯಲ್ಲಿ ಎಡಗಡೆಯ ಮುಂದಿನ ಚಕ್ರ ದಿಬ್ಬ ಹತ್ತಿತು, ಬಲಗಡೆಯದು ಚರಂಡಿಗಿಳಿಯಿತು, ಸ್ಟೇರಿಂಗ್ ಅರ್ಧ ತಿರುಗಿತ್ತು. ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ ಹರಿದು ಟೈರಿಗೆ ಸುತ್ತಿಕೊಂಡ ಆ ಸದ್ದು ಇನ್ನೂ ಕಿವಿಯಲ್ಲಿದೆ. ಸುರಿವ ಮಳೆಯಲ್ಲಿ ಕೆಸರಿನಲ್ಲಿ ಮಲಗಿ ಚಾಕುವಿನಿಂದ ಅದನ್ನು ಕತ್ತರಿಸಿ ತೆಗೆಯುವಾಗ ನನಗೆ ಹೊಳೆದದ್ದು, ನಾನು ಪ್ರಶ್ನೆಯನ್ನೇ ತಿರುಗಾಮುರುಗಾ ಕೇಳಿದ್ದೆ ಎಂದು. ಲಿಫ್ಟ್ ಆದ ಮೇಲೆ ಟೈರ್ ಹುಡುಕುವುದಲ್ಲ. ನಮ್ಮ ರಸ್ತೆಗೆ ಯಾವ ಟೈರ್ ಬೇಕು ಎಂದು ಮೊದಲು ತೀರ್ಮಾನಿಸಿ, ಅದಕ್ಕೆ ಬೇಕಾದಷ್ಟೇ ಲಿಫ್ಟ್ ಮಾಡಿಸಬೇಕು.

ಲಿಫ್ಟ್ ಎತ್ತುವುದು ಯಾವುದನ್ನು?

ನಮ್ಮ ಮಲೆನಾಡಿನ ತೋಟಗಳಲ್ಲಿ ಓಡಿದ ಹಳೆಯ ಜೀಪುಗಳ ವಂಶದ ಮೂಲ ವಿಲ್ಲೀಸ್. ಅದರ ಟೈರಿನ ಅಳತೆ 6.00-16. ಅಂದರೆ ಅಗಲ ಬರೀ ಆರು ಇಂಚು. ಅಂಥ ಸಪೂರ ಟೈರಿಗೆ ಮಳೆಗಾಲದಲ್ಲಿ ಚೈನ್ ಸುತ್ತಿಕೊಂಡು ಕಾಫಿ ಮೂಟೆ ಹೊತ್ತು ಹತ್ತಿದ ಗಾಡಿಗಳವು. ಅವಕ್ಕೆ ಯಾರೂ ಲಿಫ್ಟ್ ಮಾಡಿಸಿರಲಿಲ್ಲ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಜಿಮ್ನಿ, ಜಿಪ್ಸಿ ಮತ್ತು ಹಳೆಯ ಜೀಪುಗಳಲ್ಲಿ ಹಿಂದೆ ಮುಂದೆ ಎರಡೂ ಕಡೆ ಇಡೀ ಆಕ್ಸೆಲ್ ಒಂದೇ ತುಂಡು. ಅದರ ನಡುವೆ ಕುಂಬಳಕಾಯಿಯಂತೆ ಉಬ್ಬಿರುವುದು ಡಿಫರೆನ್ಷಿಯಲ್ ಹೌಸಿಂಗ್. ಕಲ್ಲಿಗೆ ಮೊದಲು ತಾಗುವ ಭಾಗ ಸಾಮಾನ್ಯವಾಗಿ ಅದೇ. ಸ್ಪ್ರಿಂಗ್ ಬದಲಿಸಿ ಎರಡು ಇಂಚು ಎತ್ತರಿಸಿದರೆ ಬಾಡಿ, ಚಾಸಿ, ಬಂಪರ್ ಮೇಲೇಳುತ್ತವೆ. ಹೌಸಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ನಿಂತಿರುವುದು ಸ್ಪ್ರಿಂಗಿನ ಮೇಲಲ್ಲ, ಚಕ್ರದ ಮೇಲೆ. ಅದನ್ನು ಮೇಲೆತ್ತುವುದು ದೊಡ್ಡ ಟೈರ್ ಒಂದೇ. ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು ಮಾತ್ರ. ವ್ಯಾಸ 40 ಮಿಲಿಮೀಟರ್ ಹೆಚ್ಚಿದರೆ ಹೌಸಿಂಗ್ ಏರುವುದು 20.

2020ರಲ್ಲಿ ಬಂದ ಥಾರ್‌ನದು ಬೇರೆ ಕಥೆ. ಅದರ ಹಿಂದೆ ಇಡೀ ಆಕ್ಸೆಲ್, ಮುಂದೆ ಎರಡು ಚಕ್ರಕ್ಕೂ ಬಿಡಿಬಿಡಿ ಸಸ್ಪೆನ್ಷನ್. ಇದರ ಮುಂಭಾಗವನ್ನು ಹೆಚ್ಚು ಎತ್ತಿದಷ್ಟೂ ಡ್ರೈವ್ ಶಾಫ್ಟ್ ಓರೆಯಾಗಿ, ಅದರ ಜಾಯಿಂಟ್ ಮತ್ತು ರಬ್ಬರ್ ಬೂಟ್ ಬೇಗ ಹಾಳಾಗುತ್ತವೆ. ಇಲ್ಲಿ ಎರಡು ಇಂಚಿಗಿಂತ ಮೇಲೆ ಹೋಗಬೇಡಿ ಎಂದೇ ನನ್ನ ಸಲಹೆ.

ಇನ್ನು ನನ್ನ ಪ್ಲಾಸ್ಟಿಕ್ ಹರಿದ ಕಾರಣ. ಗಾಡಿ ನಿಂತಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕಾಣುವ ಜಾಗ ನಿಜವಾದ ಜಾಗವಲ್ಲ. ಸ್ಪ್ರಿಂಗ್ ಪೂರ್ತಿ ಅದುಮಿದಾಗ ಚಕ್ರ ಎಲ್ಲಿಯವರೆಗೆ ಮೇಲೆ ಬರಬೇಕೆಂದು ನಿರ್ಧರಿಸುವುದು ಬಂಪ್ ಸ್ಟಾಪ್ ಎಂಬ ರಬ್ಬರ್ ಗುಬಟು. ಸ್ಪ್ರಿಂಗ್ ಎತ್ತರಿಸಿ ಬಂಪ್ ಸ್ಟಾಪನ್ನು ಹಾಗೇ ಬಿಟ್ಟರೆ, ಚಕ್ರ ದೊಡ್ಡ ಗುಂಡಿಯಲ್ಲಿ ಹಿಂದೆ ಎಷ್ಟು ಮೇಲೆ ಬರುತ್ತಿತ್ತೋ ಈಗಲೂ ಅಷ್ಟೇ ಬರುತ್ತದೆ. ಟೈರ್ ಮಾತ್ರ ದೊಡ್ಡದಾಗಿರುತ್ತದೆ. ಸಮತಟ್ಟಾದ ನೆಲದಲ್ಲಿ ತಾಗದ ಟೈರ್ ಚರಂಡಿಯಲ್ಲಿ ತಾಗುವುದು ಇದರಿಂದ. ಬಾಡಿ ಮತ್ತು ಚಾಸಿ ನಡುವೆ ಗಟ್ಟಿ ಬ್ಲಾಕ್ ಇಟ್ಟು ಎತ್ತುವ ಬಾಡಿ ಲಿಫ್ಟ್‌ನಲ್ಲಿ ಈ ಜಾಗ ನಿಜವಾಗಿಯೂ ಹೆಚ್ಚುತ್ತದೆ. ಆದರೆ ಸ್ಟೇರಿಂಗ್ ಶಾಫ್ಟ್, ಗೇರ್ ಲಿವರ್, ರೇಡಿಯೇಟರ್ ಹೋಸ್ ಎಲ್ಲದರ ಅಳತೆಯೂ ಕೆಡುವುದರಿಂದ ನನಗದು ಇಷ್ಟವಿಲ್ಲ.

ಅಂಕಿಗಳನ್ನು ಓದುವ ಬಗೆ

ಟೈರಿನ ಪಕ್ಕದಲ್ಲಿ 195/80 ಆರ್ 15 ಎಂದಿದೆ ಎನ್ನಿ. ಜಿಮ್ನಿಯ ಕಂಪನಿ ಅಳತೆ ಇದೇ. 195 ಎಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 80 ಎಂದರೆ ಪಕ್ಕೆಯ ಎತ್ತರ ಅಗಲದ ಶೇ. 80 ಎಂದರ್ಥ, ಅಂದರೆ 156 ಮಿ.ಮೀ. 15 ಎಂದರೆ ಡಿಸ್ಕಿನ (ಟೈರ್ ಕೂರುವ ಲೋಹದ ಗಾಲಿಯ) ವ್ಯಾಸ, ಇಂಚಿನಲ್ಲಿ, ಅಂದರೆ 381 ಮಿ.ಮೀ. ಪಕ್ಕೆ ಮೇಲೊಂದು ಕೆಳಗೊಂದು ಇರುವುದರಿಂದ ಎರಡು ಸಲ ಕೂಡಿಸಿ: 156, 156 ಮತ್ತು 381, ಒಟ್ಟು 693 ಮಿ.ಮೀ. ಈ ಒಂದು ಕೂಡುವ ಲೆಕ್ಕ ಬಂದರೆ ಸಾಕು, ಅರ್ಧ ಮೋಸ ತಪ್ಪಿತು.

ಅದೇ ಜಿಮ್ನಿಗೆ ಜನ ಹಾಕಿಸುವ ಎರಡು ಅಳತೆ ನೋಡೋಣ. 215/75 ಆರ್ 15 ಹಾಕಿದರೆ ವ್ಯಾಸ ಸುಮಾರು 703 ಮಿ.ಮೀ. ಹೌಸಿಂಗ್ ಏರುವುದು ಬರೀ 5 ಮಿ.ಮೀ. ಆದರೂ ಟೈರ್ ತುಸು ಅಗಲವಾಗುತ್ತದೆ, ಲಿಫ್ಟ್ ಬೇಕಿಲ್ಲ. 235/75 ಆರ್ 15 ಆದರೆ ವ್ಯಾಸ 733 ಮಿ.ಮೀ. ದಾಟುತ್ತದೆ, ಹೌಸಿಂಗ್ 20 ಮಿ.ಮೀ. ಏರುತ್ತದೆ, ಹಿಗ್ಗಿದ ಪ್ರಮಾಣ ಸುಮಾರು ಶೇ. 5.8. ಲಿಫ್ಟ್‌ನ ಮಾತು ಶುರುವಾಗುವುದು ಇಲ್ಲಿಂದ.

ಥಾರ್‌ನಲ್ಲಿ ಕಂಪನಿಯೇ ಎರಡು ಅಳತೆ ಕೊಟ್ಟಿತ್ತು. 245/75 ಆರ್ 16ರ ವ್ಯಾಸ 774 ಮಿ.ಮೀ., 255/65 ಆರ್ 18ರದ್ದು 789. ದುಬಾರಿ ಮಾದರಿಗೆ ದೊಡ್ಡ ಡಿಸ್ಕ್ ಸಿಕ್ಕಿತು ನಿಜ, ಪಕ್ಕೆಯ ಎತ್ತರ ಮಾತ್ರ 184ರಿಂದ 166ಕ್ಕೆ ಇಳಿಯಿತು. ಷೋರೂಮಿನಲ್ಲಿ ಚೆಂದ ಕಾಣುವುದು ದೊಡ್ಡ ಡಿಸ್ಕ್. ಕಲ್ಲಿನ ಮೇಲೆ ಕೆಲಸಕ್ಕೆ ಬರುವುದು ಎತ್ತರದ ಪಕ್ಕೆ. ಗಾಳಿ ಇಳಿಸಿದಾಗ ಟೈರ್ ನೆಲವನ್ನು ಅಪ್ಪಿಕೊಳ್ಳಲು ಪಕ್ಕೆಯ ರಬ್ಬರ್ ಬಾಗಬೇಕು. ಬಾಗಲು ಅಲ್ಲಿ ರಬ್ಬರೇ ಇಲ್ಲದಿದ್ದರೆ ಏಟೆಲ್ಲ ಡಿಸ್ಕಿನ ಅಂಚಿಗೆ. ಹಾಗಾಗಿ ಒರಟು ರಸ್ತೆಗೆಂದೇ ಗಾಡಿ ತಯಾರು ಮಾಡುವವರು ಬ್ರೇಕಿಗೆ ತಾಗದಷ್ಟು ಚಿಕ್ಕ ಡಿಸ್ಕನ್ನೇ ಆರಿಸಿಕೊಳ್ಳುವುದು ಒಳ್ಳೆಯದು. 16 ಇಂಚಿನ ಥಾರ್‌ಗೆ 265/75 ಆರ್ 16 ಹಾಕಿದರೆ ವ್ಯಾಸ 804 ಮಿ.ಮೀ., ಅಂದರೆ 30 ಮಿ.ಮೀ. ಹೆಚ್ಚು, ಶೇ. 4ಕ್ಕೆ ಒಂದು ಕೂದಲು ಕಡಿಮೆ. 17 ಇಂಚಿನ ಡಿಸ್ಕಿಗೆ ಹೋದರೆ 265/70 ಆರ್ 17ರದ್ದೂ ಹೆಚ್ಚುಕಡಿಮೆ ಅದೇ ವ್ಯಾಸ.

ವ್ಯಾಸ ಹೆಚ್ಚಿದರೆ ಇನ್ನೇನೇನು ಬದಲಾಗುತ್ತದೆ? ಮೀಟರ್ ಸುಳ್ಳು ಹೇಳುತ್ತದೆ. ಜಿಮ್ನಿಗೆ 235 ಹಾಕಿದ ಮೇಲೆ, ಸರಿಯಿದ್ದ ಮೀಟರ್ 80 ತೋರಿಸುವಾಗ ನೀವು ಓಡುತ್ತಿರುವುದು ಸುಮಾರು 85ರಲ್ಲಿ. ಕಿಲೋಮೀಟರ್ ಲೆಕ್ಕವೂ ಅಷ್ಟೇ ಕಡಿಮೆ ಬೀಳುವುದರಿಂದ ಮೈಲೇಜ್ ನಿಜಕ್ಕಿಂತ ಹೆಚ್ಚು ಕುಸಿದಂತೆ ಕಾಣುತ್ತದೆ. (ನಿಜವಾಗಿಯೂ ಕುಸಿದಿರುತ್ತದೆ, ಆ ಮಾತು ಬೇರೆ.) ಎಂಜಿನ್ನಿನ ಎಳೆತವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಎತ್ತಿನ ಗಾಡಿಗೆ ದೊಡ್ಡ ಗಾಲಿ ಹಾಕಿ ಅದೇ ಎತ್ತಿನಿಂದ ಎಳೆಸಿದ ಹಾಗೆ. 300 ನ್ಯೂಟನ್ ಮೀಟರ್ ಟಾರ್ಕ್ ಇರುವ ಡೀಸೆಲ್ ಥಾರ್ ಇದನ್ನು ಸಹಿಸಿಕೊಳ್ಳುತ್ತದೆ. 134ರಷ್ಟಿರುವ ಜಿಮ್ನಿಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಒಂದು ಗೇರ್ ಕೆಳಗಿಳಿಯಬೇಕಾಗುತ್ತದೆ. ಬ್ರೇಕಿಗೂ ಇದೇ ನ್ಯಾಯ, ಗಾಲಿ ದೊಡ್ಡದಾದಷ್ಟೂ ತಡೆಯುವುದು ಕಷ್ಟ.

ಡಿಸ್ಕಿನ ನಾಲ್ಕು ಅಳತೆ

ಟೈರಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಡಿಸ್ಕಿನ ವಿಷಯಕ್ಕೆ ಬಂದರೆ 'ಡಿಸೈನ್ ಯಾವುದು' ಎಂದಷ್ಟೇ ಕೇಳುತ್ತಾರೆ. ನೋಡಬೇಕಾದದ್ದು ಇವು.

ವ್ಯಾಸ ಮೇಲೆ ಹೇಳಿಯಾಯಿತು. ಎರಡನೆಯದು ಪಿಸಿಡಿ, ಅಂದರೆ ನಟ್‌ಗಳ ನಡುಬಿಂದುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸ. ಜಿಮ್ನಿಗೂ ಜಿಪ್ಸಿಗೂ ಐದು ನಟ್, 139.7 ಮಿ.ಮೀ. ಅದರೊಂದಿಗೆ ನಡುವಿನ ತೂತು ಹಬ್‌ಗೆ ಸರಿಯಾಗಿ ಕೂರಬೇಕು. 'ಹತ್ತಿರ ಹತ್ತಿರ ಇದೆ, ನಟ್ ಬಿಗಿದರೆ ಕೂರುತ್ತದೆ' ಎನ್ನುವ ಅಂಗಡಿಯಿಂದ ಎದ್ದು ಬನ್ನಿ.

ಮೂರನೆಯದು ಅಗಲ. ಜಿಮ್ನಿಯ ಕಂಪನಿ ಡಿಸ್ಕಿನ ಅಗಲ 5.5 ಇಂಚು. 215/75 ಆರ್ 15 ಅದರ ಮೇಲೆ ಕೂರಬಹುದು. ಆದರೆ 235/75 ಆರ್ 15ಕ್ಕೆ ಕನಿಷ್ಠ 6 ಇಂಚಿನ ಡಿಸ್ಕ್ ಬೇಕು, ಗರಿಷ್ಠ 8. ಹಳೆಯ ಡಿಸ್ಕಿಗೇ ಅದನ್ನು ಏರಿಸಿದವರನ್ನು ನಾನು ಕಂಡಿದ್ದೇನೆ. ಟೈರಿನ ಬಾಯಿ ಒತ್ತರಿಸಿಕೊಂಡು ನಡುಭಾಗ ಉಬ್ಬುತ್ತದೆ. ನಡುವಿನ ಬಟನ್ (ನೆಲ ಹಿಡಿಯುವ ರಬ್ಬರ್ ಉಬ್ಬು) ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ತೇಲಿದಂತಾಗುತ್ತದೆ.

ನಾಲ್ಕನೆಯದು ಆಫ್‌ಸೆಟ್. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಡಿಸ್ಕಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್‌ಗೆ ತಾಗಿ ಕೂರುವ ಮೈ ಆ ಗೆರೆಯಿಂದ ಎಷ್ಟು ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಡಿಸ್ಕಿನ ಮೇಲೆ ಅದನ್ನು 'ಇಟಿ' ಎಂದು ಕೆತ್ತಿರುತ್ತಾರೆ. ಆ ಮೈ ಹೊರಗಿನ ಕಡೆಗಿದ್ದರೆ ಪ್ಲಸ್, ಒಳಗಿನ ಕಡೆಗಿದ್ದರೆ ಮೈನಸ್. ಮೈನಸ್ ಆದಷ್ಟೂ ಚಕ್ರ ಹೊರಗೆ ಸರಿಯುತ್ತದೆ. ಜಿಮ್ನಿಯ ಡಿಸ್ಕ್ 5.5 ಇಂಚು, ಪ್ಲಸ್ 5. ಅದರ ಬದಲಿಗೆ 7 ಇಂಚು, ಮೈನಸ್ 10 ಹಾಕಿದಿರಿ ಎನ್ನಿ. ಅಗಲದಿಂದ ಪ್ರತಿ ಪಕ್ಕಕ್ಕೆ 19 ಮಿ.ಮೀ., ಆಫ್‌ಸೆಟ್‌ನಿಂದ 15. ಹೊರಗಿನ ಅಂಚು 34 ಮಿ.ಮೀ. ಹೊರಚಾಚುತ್ತದೆ, ಒಳಗಿನ ಅಂಚು 4 ಮಿ.ಮೀ. ಒಳಗೆ ಬರುತ್ತದೆ.

ಹೊರಚಾಚಿದರೆ ಏನು ತೊಂದರೆ? ಸ್ಟೇರಿಂಗ್ ತಿರುಗಿಸಿದಾಗ ಚಕ್ರ ನಿಂತಲ್ಲೇ ತಿರುಗುವುದಿಲ್ಲ, ಬಾಗಿಲಿನ ರೆಕ್ಕೆಯಂತೆ ಬೀಸಿಕೊಂಡು ಹೋಗುತ್ತದೆ. ಹೊರಗೆ ಸರಿದಷ್ಟೂ ಬೀಸು ದೊಡ್ಡದು. ಬಂಪರಿನ ಮೂಲೆಗೆ, ಮಡ್‌ಗಾರ್ಡಿನ ಹಿಂಬದಿಗೆ ತಾಗುವುದು ಆಗಲೇ. ವೀಲ್ ಬೇರಿಂಗ್ ಮೇಲೆ ಭಾರ ಹೆಚ್ಚುತ್ತದೆ, ಗುಂಡಿಗೆ ಬಿದ್ದಾಗಲೆಲ್ಲ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಮಡ್‌ಗಾರ್ಡಿನಿಂದ ಹೊರಗಿಣುಕುವ ಟೈರ್ ಎರಚುವ ಕೆಸರು ನಿಮ್ಮ ಬಾಗಿಲಿಗೆ ಮಾತ್ರವಲ್ಲ, ಹಿಂದೆ ಬರುವ ಬೈಕಿನವರ ಮುಖಕ್ಕೂ ಬೀಳುತ್ತದೆ. ಅಗಲವಾದ ಟೈರಿಗೆ ಒಳಗಡೆ ಜಾಗ ಬೇಕಾಗಿ ಆಫ್‌ಸೆಟ್ ತುಸು ಇಳಿಸುವುದು ಸರಿ. ನೋಟಕ್ಕಾಗಿ ಇಳಿಸುವುದು ಸರಿಯಲ್ಲ.

ಆಯ್ಕೆಯ ಕ್ರಮ

1. ನಿಮ್ಮ ಗಾಡಿ ವರ್ಷವಿಡೀ ಓಡುವ ರಸ್ತೆಗಳನ್ನು ಬರೆದಿಡಿ, ಕನಸಿನಲ್ಲಿ ಓಡುವವನ್ನಲ್ಲ. ಹತ್ತರಲ್ಲಿ ಒಂಬತ್ತು ದಿನ ಟಾರು ರಸ್ತೆಯಾದರೆ ಎಟಿ, ಅಂದರೆ ಆಲ್ ಟೆರೇನ್ ಟೈರ್ ಸಾಕು. ಎಂಟಿ, ಅಂದರೆ ಮಡ್ ಟೆರೇನ್ ಟೈರಿನಲ್ಲಿ ಬಟನ್‌ಗಳ ನಡುವೆ ಜಾಗ ಹೆಚ್ಚು. ಕೆಸರು ಉದುರಿಹೋಗುತ್ತದೆ, ಆದರೆ ಒದ್ದೆ ಟಾರಿನಲ್ಲಿ ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾಗಿ ಬ್ರೇಕ್ ಹಾಕಿದರೆ ಜಾರುತ್ತದೆ. ಸದ್ದಂತೂ ಕೇಳಲೇಬೇಡಿ.

2. ಮಣ್ಣು ಯಾವುದು ನೋಡಿ. ಮಲೆನಾಡಿನ ಹಲವು ತೋಟದ ರಸ್ತೆಗಳಲ್ಲಿ ಮೇಲೆ ನಾಲ್ಕು ಬೆರಳು ರಾಡಿ, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಅಲ್ಲಿ ಸಪೂರ ಟೈರ್ ರಾಡಿಯನ್ನು ಸೀಳಿ ಗಟ್ಟಿ ನೆಲ ಹಿಡಿಯುತ್ತದೆ. ಹಳೆಯ ಜೀಪಿನ ಆರಿಂಚಿನ ಟೈರಿನ ಗುಟ್ಟು ಇದೇ. ಅಗಲದ ಟೈರ್ ರಾಡಿಯ ಮೇಲೆ ತೇಲಿ ಜಾರುತ್ತದೆ. ಅಡಿಯಲ್ಲಿ ಗಟ್ಟಿ ನೆಲವೇ ಇಲ್ಲದ ಮರಳಲ್ಲಿ ಮಾತ್ರ ಅಗಲಕ್ಕೆ ಬೆಲೆ. ಬಯಲುಸೀಮೆಯ ಎರೆಮಣ್ಣು ನೆನೆದಾಗ ಯಾವ ಬಟನ್ನಿನೊಳಗೂ ಮೆತ್ತಿಕೊಂಡು ಟೈರನ್ನು ಬೋಳು ಮಾಡುತ್ತದೆ. ಅಲ್ಲಿ ಒಳ್ಳೆಯ ಉಪಾಯವೆಂದರೆ ಎರಡು ದಿನ ಬಿಸಿಲು ಕಾಯುವುದು.

3. ವ್ಯಾಸವನ್ನು ಲೆಕ್ಕ ಹಾಕಿ. ಕಂಪನಿ ಅಳತೆಗಿಂತ ಶೇ. 3ರೊಳಗಿದ್ದರೆ ಸಾಮಾನ್ಯವಾಗಿ ಮೀಟರ್, ಗೇರ್, ಬ್ರೇಕ್ ಎಲ್ಲವೂ ಹೊಂದಿಕೊಳ್ಳುತ್ತವೆ. ಶೇ. 3ರಿಂದ 6ರವರೆಗೆ ಲಿಫ್ಟ್, ಬಂಪ್ ಸ್ಟಾಪ್, ಅಲೈನ್‌ಮೆಂಟ್ ಎಲ್ಲಕ್ಕೂ ಖರ್ಚಿಗೆ ತಯಾರಿರಿ. ಅದಕ್ಕೂ ಮೇಲೆ ಹೋದರೆ ಆಕ್ಸೆಲ್ಲಿನೊಳಗಿನ ಗೇರನ್ನೇ ಬದಲಿಸುವ ಮಾತು ಬರುತ್ತದೆ. ದಿನ ಬಳಸುವ ಗಾಡಿಗೆ ಅದು ಬೇಡ.

4. ಭಾರ ಮತ್ತು ವೇಗದ ಗುರುತು ನೋಡಿ. ಜಿಮ್ನಿಯ ಟೈರಿನ ಮೇಲಿನ 96 ಎಸ್ ಎಂದರೆ ಒಂದು ಟೈರ್ 710 ಕಿಲೋ ಹೊರುತ್ತದೆ, ಗಂಟೆಗೆ 180 ಕಿ.ಮೀ. ವೇಗ ತಡೆಯುತ್ತದೆ. ಹೊಸ ಟೈರಿನ ಭಾರದ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ಎಂಟಿ ಟೈರುಗಳಲ್ಲಿ ವೇಗದ ಅಕ್ಷರ ಕ್ಯೂ ಇರುವುದುಂಟು, ಅಂದರೆ 160.

5. ಹೊಸ ಟೈರೊಂದನ್ನು ಡಿಸ್ಕ್ ಸಮೇತ ಕೈಯಲ್ಲಿ ಎತ್ತಿ ನೋಡಿ, ಆಮೇಲೆ ಹಳೆಯದನ್ನು. ಆ ವ್ಯತ್ಯಾಸವನ್ನು ಶಾಕ್ ಅಬ್ಸಾರ್ಬರ್ ಪ್ರತಿ ಗುಂಡಿಯಲ್ಲೂ ಹಿಡಿದು ನಿಲ್ಲಿಸಬೇಕು. ಹಿಂಬಾಗಿಲಿನ ಕೀಲು ಸ್ಟೆಪ್ನಿಯಾಗಿ ಅದನ್ನೇ ಹೊರಬೇಕು.

6. ಕೊಳ್ಳುವ ಮೊದಲು ಅದೇ ಅಳತೆಯ ಒಂದು ಚಕ್ರವನ್ನು ಎರವಲು ತಂದು ಹಾಕಿ ನೋಡಿ. ಒಂದು ಮುಂದಿನ ಚಕ್ರವನ್ನು ಗಟ್ಟಿ ದಿಬ್ಬವೊಂದರ ಮೇಲೆ ನಿಧಾನವಾಗಿ ಹತ್ತಿಸಿ, ಸ್ಪ್ರಿಂಗ್ ಬಂಪ್ ಸ್ಟಾಪಿಗೆ ತಾಗುವಷ್ಟು ಅದುಮಲಿ. ಆಗ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ನೋಡುವವರು ಪಕ್ಕದಲ್ಲಿ ದೂರ ನಿಂತಿರಲಿ, ಕೆಳಗೆ ತಲೆ ಹಾಕುವುದು ಬೇಡ. ಬಂಪರಿನ ಮೂಲೆ, ಮಡ್‌ಗಾರ್ಡಿನ ಹಿಂಬದಿ, ಒಳಗಡೆ ಆಕ್ಸೆಲ್ ಹಿಡಿದ ಉದ್ದನೆಯ ಆರ್ಮ್, ಬ್ರೇಕ್ ಹೋಸ್, ಈ ನಾಲ್ಕು ಜಾಗದಲ್ಲಿ ಕನಿಷ್ಠ ಒಂದು ಬೆರಳಿನಷ್ಟು ಅಂತರ ಉಳಿಯಬೇಕು. ಟೈರಿಗೆ ಕೆಸರು ಮೆತ್ತಿದಾಗ ಅದು ಇನ್ನಷ್ಟು ದಪ್ಪ ಎಂಬುದೂ ನೆನಪಿರಲಿ.

7. ಅಂತರ ಸಾಲದಿದ್ದರೆ ಮಾತ್ರ ಲಿಫ್ಟ್ ಮತ್ತು ಉದ್ದದ ಬಂಪ್ ಸ್ಟಾಪ್, ಅದೂ ಸಾಲದಷ್ಟಕ್ಕೇ.

ಎಲ್ಲರೂ ಮಾಡುವ ತಪ್ಪುಗಳು

ನಾಲ್ಕು ದೊಡ್ಡ ಟೈರ್ ಹಾಕಿಸಿ ಸ್ಟೆಪ್ನಿಯನ್ನು ಹಳೆಯದೇ ಉಳಿಸಿಕೊಳ್ಳುವುದು ದುಡ್ಡು ಉಳಿಸುವ ಜನಪ್ರಿಯ ದಾರಿ. ಪಂಕ್ಚರ್ ಆಗುವುದು ಸಾಮಾನ್ಯವಾಗಿ ಊರಿನಿಂದ ದೂರದ ಕಾಡುದಾರಿಯಲ್ಲೇ. ಅಲ್ಲಿ ಒಂದು ಚಕ್ರ ಚಿಕ್ಕದಿಟ್ಟುಕೊಂಡು ಫೋರ್ ವೀಲ್ ಹಾಕಿದರೆ ನಾಲ್ಕು ಚಕ್ರ ಸುತ್ತುವ ಲೆಕ್ಕ ತಪ್ಪಿ, ಜಾರಲು ಜಾಗವಿಲ್ಲದ ಗಟ್ಟಿ ನೆಲದಲ್ಲಿ ಗೇರ್‌ಗಳು ಹಲ್ಲು ಕಚ್ಚಿ ನಿಲ್ಲುತ್ತವೆ. ಕೊಳ್ಳುವುದಾದರೆ ಐದು.

ಗಾಳಿಯ ವಿಷಯದಲ್ಲಿ ಎರಡು ಬಗೆಯ ತಪ್ಪು. ರಾಡಿಯಲ್ಲೂ ಕಲ್ಲಿನಲ್ಲೂ ಟಾರಿಗೆ ಹಾಕಿದಷ್ಟೇ ಗಾಳಿ ಇಟ್ಟು 'ಟೈರ್ ಸರಿಯಿಲ್ಲ' ಎಂದು ಬಯ್ಯುವುದು ಒಂದು. 18-20 ಪಿಎಸ್‌ಐಗೆ ಇಳಿಸಿ ನೋಡಿ, ಟೈರ್ ನೆಲದುದ್ದಕ್ಕೂ ಚಾಚಿ ಹಿಡಿಯುತ್ತದೆ. ಎಷ್ಟೋ ಸಲ ಹೊಸ ಟೈರೇ ಬೇಕಾಗಿರುವುದಿಲ್ಲ. 15ಕ್ಕಿಂತ ಇಳಿಸಿದರೆ ಟೈರ್ ಡಿಸ್ಕಿನಿಂದ ಕಳಚಿಕೊಳ್ಳುವ ಅಪಾಯವಿದೆ. ಎರಡನೆಯ ತಪ್ಪು, ಇಳಿಸಿದ ಗಾಳಿಯಲ್ಲೇ ಹೆದ್ದಾರಿಗೆ ಬರುವುದು. ಪಕ್ಕೆ ಬಾಗಿ ಬಾಗಿ ಕಾದು ಟೈರ್ ಸಿಡಿಯುತ್ತದೆ. ಸಿಗರೇಟ್ ಲೈಟರಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್ ಗಾಡಿಯಲ್ಲಿರಲಿ. 'ಎಲ್‌ಟಿ' ಎಂದು ಗುರುತಿರುವ ಲಾರಿ ಜಾತಿಯ ಟೈರಿಗೆ ಅದೇ ಭಾರ ಹೊರಲು ಹೆಚ್ಚು ಗಾಳಿ ಬೇಕಾಗುತ್ತದೆ. ಬಾಗಿಲಿನ ಮೇಲಿನ ಪಟ್ಟಿಯ ಅಂಕಿ ಅದಕ್ಕೆ ನೇರವಾಗಿ ಹೊಂದದು.

ಜಿಮ್ನಿಯಂಥ ಗಾಡಿಗಳಲ್ಲಿ ಲಿಫ್ಟ್ ಆದ ಮೇಲೆ ಮುಂದಿನ ಆಕ್ಸೆಲ್ ತುಸು ತಿರುಚಿಕೊಂಡು ಕ್ಯಾಸ್ಟರ್ ಕೋನ, ಅಂದರೆ ಸ್ಟೇರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ಸ್ಟೇರಿಂಗ್ ತಿರುಗಿಸಿ ಬಿಟ್ಟರೆ ತಾನಾಗಿ ನೇರಕ್ಕೆ ಬರದೆ ಗಾಡಿ ಅತ್ತಿತ್ತ ಅಲೆಯುವುದು ಇದರ ಲಕ್ಷಣ. ಜನ ಇದನ್ನು ಹೊಸ ಟೈರಿನ ದೋಷ ಎಂದುಕೊಂಡು ಮತ್ತೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಕ್ಯಾಸ್ಟರ್ ಸರಿಪಡಿಸುವ ಬುಶ್ ಹಾಕಿಸಿದರೆ ಸರಿಯಾಗುತ್ತದೆ.

ಇನ್ನು ಹಳೆಯ ಸ್ಟಾಕ್. ದೊಡ್ಡ ಅಳತೆಯ ಟೈರ್ ನಿಧಾನವಾಗಿ ಮಾರಾಟವಾಗುವುದರಿಂದ ಗೋದಾಮಿನಲ್ಲಿ ಕೂತಿರಬಹುದು. ಪಕ್ಕೆಯ ಮೇಲಿನ ನಾಲ್ಕಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. 2323 ಎಂದರೆ 2023ರ 23ನೇ ವಾರದಲ್ಲಿ ತಯಾರಾದದ್ದು.

ಆರ್‌ಟಿಒ, ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ದೊಡ್ಡ ಟೈರ್ ಒಂದು ಸುಲಭದ ನೆಪ. ಅದೇ ಮಾದರಿಯ ಬೇರೆ ಆವೃತ್ತಿಗೆ ಕಂಪನಿಯೇ ಕೊಟ್ಟ ಅಳತೆಯನ್ನು ಆರಿಸಿಕೊಂಡರೆ ತಲೆನೋವು ಕಡಿಮೆ. ಲಿಫ್ಟ್ ಮಾಡಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ವಿಚಾರಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಹಾಕಿಸಿದ ಮೇಲೆ

ಹೊಸ ಡಿಸ್ಕಿನ ನಟ್‌ಗಳನ್ನು 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಗಾಡಿ ಈಗ ಎತ್ತರವಾಗಿದೆ, ಭಾರದ ಕೇಂದ್ರವೂ ಮೇಲೇರಿದೆ, ಹಾಗಾಗಿ ಮೊದಲ ಕೆಲವು ದಿನ ಘಾಟಿಯ ತಿರುವುಗಳಲ್ಲಿ ಹಳೆಯ ವೇಗಕ್ಕೆ ಹೋಗಬೇಡಿ. ಒಂದು ವಾರ ಒರಟು ರಸ್ತೆಯಲ್ಲಿ ಓಡಿಸಿದ ಮೇಲೆ ನೆಲಕ್ಕೊಂದು ಗೋಣಿಚೀಲ ಹಾಸಿ ಮಲಗಿ, ಟಾರ್ಚ್ ಹಿಡಿದು ನಾಲ್ಕೂ ಮಡ್‌ಗಾರ್ಡಿನೊಳಗೆ ನೋಡಿ. ಎಲ್ಲ ಕಡೆ ಒಂದೇ ಸಮ ಕೆಂಪು ಧೂಳು ಕೂತಿದ್ದರೆ ನಿಮ್ಮ ಲೆಕ್ಕ ಸರಿಯಿದೆ. ಎಲ್ಲಾದರೂ ಒಂದು ಕಡೆ ಧೂಳು ಅಳಿಸಿ ಪ್ಲಾಸ್ಟಿಕ್ ಹೊಳೆಯುತ್ತಿದ್ದರೆ ಟೈರ್ ತಾಗುತ್ತಿರುವುದು ಅಲ್ಲೇ. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂಪ್ ಸ್ಟಾಪಿನವರ ಹತ್ತಿರ ಹೋಗಿ.